ಡಿಸೈನರ್ ಆಗಿ ಹೊಟ್ಟೆ ತುಂಬುತ್ತಾ? ಬಿ.ಜಿ. ಕೆರೆಯ ಒಂದು ಲೆಕ್ಕ

 

ಹೋದ ಕಂತಾದ ಮೇಲೆ ತುಂಬಾ ಜನ ಒಂದೇ ಪ್ರಶ್ನೆ ಕೇಳಿದ್ರಿ: "ಫ್ಯಾಷನ್ ಡಿಸೈನಿಂಗ್ ಕೋರ್ಸ್ ಮಾಡಿದೀನಿ. ಬೆಂಗಳೂರಲ್ಲಿ ಕೆಲಸಕ್ಕೆ ಹೋಗ್ದೆ, ನಮ್ಮೂರಲ್ಲೇ ನನ್ನದೇ ಹೆಸರಲ್ಲಿ ಬಟ್ಟೆ ಮಾಡಿ ಬದುಕಬಹುದಾ?"

ನನಗೆ ಫ್ಯಾಷನ್ ಗೊತ್ತಿಲ್ಲ. ನಾನು ಓದಿದ್ದು ಬಿಕಾಂ. ಆದ್ರೆ ಈ ಪ್ರಶ್ನೆಗೆ ಉತ್ತರ ಮುಕ್ಕಾಲು ಪಾಲು ಇರೋದು ಲೆಕ್ಕದ ಪುಸ್ತಕದಲ್ಲೇ. ಅದು ನನಗೆ ಗೊತ್ತಾಗಿದ್ದು ನಮ್ಮ ಅಕ್ಕನಿಂದ. ಅಕ್ಕ ಅಂದ್ರೆ ನಮ್ಮ ದೊಡ್ಡಪ್ಪನ ಮಗಳು. ಬಿ.ಜಿ. ಕೆರೆಯಲ್ಲಿ ಎರಡು ಮೆಷಿನ್ ಇಟ್ಕೊಂಡು ಹೊಲಿಗೆ ಅಂಗಡಿ ನಡೆಸ್ತಾಳೆ. ಜೊತೆಗೆ ತನ್ನದೇ ಡಿಸೈನ್ ಕುರ್ತಾ ಮಾಡ್ತಾಳೆ. ಕಾಟನ್ ಕುರ್ತಾ, ಕತ್ತಿಗೆ ಮತ್ತೆ ತೋಳಿಗೆ ರೇಷ್ಮೆ ಅಂಚು.

ಹೋದ ತಿಂಗಳು ಅವಳಿಗೆ ಬೆಂಗಳೂರಿನ ಒಂದು ಅಂಗಡಿಯಿಂದ ಫೋನ್ ಬಂತು. "ನಲವತ್ತು ಪೀಸ್ ಕಳಿಸಿ ಮೇಡಂ, ಮಾರಿ ಕೊಡ್ತೀವಿ." ಮನೆಯಲ್ಲಿ ಹಬ್ಬ. ಅಕ್ಕ ಸ್ವಸಹಾಯ ಸಂಘದಲ್ಲಿ ಸಾಲ ಕೇಳೋಕೆ ಹೊರಟಿದ್ಳು. ಹೊರಡೋ ಮುಂಚೆ ನನಗೆ ಫೋನ್ ಮಾಡಿ, "ತಮ್ಮಾ, ಒಂದ್ಸಲ ಲೆಕ್ಕ ನೋಡಪ್ಪ" ಅಂದ್ಳು. ಆ ಲೆಕ್ಕವೇ ಇವತ್ತಿನ ಕಂತು. ಅಂಕಿಗಳನ್ನ ಅವಳ ಒಪ್ಪಿಗೆ ತಗೊಂಡೇ ಹೇಳ್ತಿದೀನಿ, ಸುಲಭಕ್ಕೆ ಸ್ವಲ್ಪ ದುಂಡಗೆ ಮಾಡಿದೀನಿ. ನಿಮ್ಮೂರಿನ ರೇಟ್ ಬೇರೆ ಇರುತ್ತೆ, ಲೆಕ್ಕದ ದಾರಿ ಮಾತ್ರ ಒಂದೇ.

ಊರು ಚಿಕ್ಕದು, ಬಟ್ಟೆಯ ನಂಟು ದೊಡ್ಡದು

ಬಿ.ಜಿ. ಕೆರೆ ಗೊತ್ತಿಲ್ಲದೋರಿಗೆ: ಚಳ್ಳಕೆರೆಯಿಂದ ಬಳ್ಳಾರಿ ಕಡೆ ಹೋಗೋ ರಸ್ತೆಯಲ್ಲಿ ಸಿಗುತ್ತೆ, ಮೊಳಕಾಲ್ಮುರು ತಾಲ್ಲೂಕು. ಸುತ್ತ ಶೇಂಗಾ ಹೊಲ. ಮಳೆ ಕಮ್ಮಿ.

ಆದ್ರೆ ಈ ಊರಲ್ಲಿ ನಿಂತು ಸುತ್ತ ನೋಡಿ. ಒಂದು ಕಡೆ ಮೊಳಕಾಲ್ಮುರು. ಅಲ್ಲಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚ್ಯಂಕ, ಅಂದ್ರೆ ಜಿಐ ಮಾನ್ಯತೆ ಇದೆ. ಇನ್ನೊಂದು ಕಡೆ ಚಳ್ಳಕೆರೆ, ಕುರಿ ಉಣ್ಣೆ ಕಂಬಳಿಗೆ ಹೆಸರಾದ ಊರು. ಬಡಗಣಕ್ಕೆ ಹೋದ್ರೆ ಬಳ್ಳಾರಿ, ಜೀನ್ಸ್ ಹೊಲಿಯೋ ಊರು. ರೇಷ್ಮೆ, ಉಣ್ಣೆ, ಡೆನಿಮ್ ಮೂರೂ ಬಸ್ಸಲ್ಲಿ ಹೋಗಿ ಬರೋ ದೂರದಲ್ಲಿದೆ. ಬೆಂಗಳೂರಿನ ಡಿಸೈನರ್‌ಗಳು ಕಾರು ಮಾಡ್ಕೊಂಡು ಹುಡುಕಿಕೊಂಡು ಬರೋದನ್ನ ಇಲ್ಲಿನೋರು ಹುಟ್ಟಿದಾಗಿಂದ ನೋಡ್ತಿದಾರೆ.

ಹಾಗಾದ್ರೆ ಕೊರತೆ ಎಲ್ಲಿ? ಕೊಳ್ಳೋರು ದೂರ ಇದಾರೆ. ಆ ದೂರಕ್ಕೆ ಬೀಳೋ ಖರ್ಚನ್ನ ಯಾರು ಕೊಡ್ತಾರೆ ಅನ್ನೋದೇ ಇಡೀ ಕಥೆ.

ಒಂದು ಕುರ್ತಾ ನಿಜವಾಗ್ಲೂ ಎಷ್ಟಕ್ಕೆ ಬೀಳುತ್ತೆ?

ಅಕ್ಕ ಫೋನಲ್ಲಿ ಫೋಟೋ ಹಾಕಿ ನೇರವಾಗಿ ಮಾರೋ ಕುರ್ತಾದ ಬೆಲೆ 1,400 ರೂಪಾಯಿ. ಅವಳ ಲೆಕ್ಕ ಹೀಗಿತ್ತು. ಬಟ್ಟೆ ಎರಡೂವರೆ ಮೀಟರ್, ಮೀಟರಿಗೆ 180ರಂತೆ 450. ರೇಷ್ಮೆ ಅಂಚು 300. ಲೈನಿಂಗ್, ದಾರ, ಬಟನ್, ಲೇಬಲ್ ಸೇರಿ 100. ಕವರ್ ಮತ್ತೆ ಕೊರಿಯರ್ 90. ಒಟ್ಟು 940. ಹಾಗಾಗಿ ಒಂದಕ್ಕೆ 460 ಲಾಭ.

ನಾನು ಕೇಳಿದೆ, "ಅಕ್ಕ, ನಿನ್ನ ಕೂಲಿ ಎಲ್ಲಿ?"

"ನಂದೇ ಕೆಲಸ ಅಲ್ವೇನೋ, ನನಗೆ ನಾನೇ ಕೂಲಿ ಕೊಟ್ಕೊಳ್ಲಾ?"

ತಪ್ಪು ಶುರುವಾಗೋದು ಇಲ್ಲೇ ನೋಡಿ. ಒಂದು ಕುರ್ತಾಗೆ ಕಟಿಂಗ್, ಹೊಲಿಗೆ, ಅಂಚು ಕೂರಿಸೋದು, ಇಸ್ತ್ರಿ, ಫೋಟೋ, ಗಿರಾಕಿ ಜೊತೆ ಮೆಸೇಜು, ಎಲ್ಲಾ ಸೇರಿ ಐದು ಗಂಟೆ ಆಗುತ್ತೆ. ಹತ್ತು ಪೀಸಲ್ಲಿ ಒಂದು ಅಳತೆ ತಪ್ಪಿ ವಾಪಸ್ ಬರುತ್ತೆ, ಇಲ್ಲಾ ಬಣ್ಣ ಬಿಡುತ್ತೆ. ಆ ನಷ್ಟವನ್ನ ಹತ್ತಕ್ಕೂ ಹಂಚಿದ್ರೆ ಪೀಸಿಗೆ ಸುಮಾರು 100. ಅಂದ್ರೆ 460ರಲ್ಲಿ ಉಳಿದಿದ್ದು 360. ಐದು ಗಂಟೆಗೆ ಭಾಗಿಸಿ: ಗಂಟೆಗೆ 72 ರೂಪಾಯಿ.

ಈಗ ಅದೇ ಅಂಗಡಿಯಲ್ಲಿ ಅವಳು ಹೊಲಿಯೋ ಬ್ಲೌಸ್ ನೋಡಿ. ಲೈನಿಂಗ್ ಬ್ಲೌಸಿಗೆ 350 ತಗೋತಾಳೆ. ಲೈನಿಂಗ್, ಹುಕ್ಕು, ದಾರಕ್ಕೆ 90 ಹೋಗುತ್ತೆ. ಉಳಿಯೋದು 260. ಎರಡೂವರೆ ಗಂಟೆ ಕೆಲಸ. ಗಂಟೆಗೆ 104 ರೂಪಾಯಿ!

ಅವಳು "ಇದು ಬರೀ ಟೈಲರಿಂಗ್" ಅಂತ ಬೇಜಾರು ಮಾಡ್ಕೊಳ್ಳೋ ಕೆಲಸ ಗಂಟೆಗೆ 104 ಕೊಡ್ತಿತ್ತು. "ಇದು ನನ್ನ ಡಿಸೈನ್" ಅಂತ ಹೆಮ್ಮೆ ಪಡೋ ಕೆಲಸ 72 ಕೊಡ್ತಿತ್ತು. ಅಂದ್ರೆ ಊರಿನ ಹೆಂಗಸರ ಬ್ಲೌಸು ಅವಳ ಕುರ್ತಾವನ್ನ ಸಾಕ್ತಿತ್ತು. ಎರಡು ವರ್ಷ ಇದು ಅವಳಿಗೆ ಗೊತ್ತೇ ಆಗಿರ್ಲಿಲ್ಲ, ಯಾಕಂದ್ರೆ ಎರಡರ ದುಡ್ಡೂ ಒಂದೇ ಡಬ್ಬಿಗೆ ಬೀಳ್ತಿತ್ತು.

ಮೊದಲ ಪಾಠ: ಎರಡು ಡಬ್ಬಿ ಇಡಿ, ಇಲ್ಲಾ ಎರಡು ನೋಟ್‌ಬುಕ್ ಇಡಿ. ನಿಮ್ಮ ಗಂಟೆಗೆ ಒಂದು ಬೆಲೆ ಕಟ್ಟಿ. ಅಕ್ಕನಿಗೆ ನಾವು ಗಂಟೆಗೆ 100 ಅಂತ ಇಟ್ವಿ. ಹಾಗೆ ಇಟ್ರೆ ಕುರ್ತಾದ ನಿಜವಾದ ಅಸಲು 940, ಮೇಲೆ 100, ಮೇಲೆ 500. ಒಟ್ಟು 1,540. ಅಂದ್ರೆ 1,400ಕ್ಕೆ ಮಾರಿದಾಗೆಲ್ಲ 140 ಕೈಯಿಂದ ಹೋಗ್ತಿತ್ತು.

'ಮಾರಿದ ಮೇಲೆ ದುಡ್ಡು' ಅಂದ್ರೆ ಏನು?

ಈಗ ಬೆಂಗಳೂರಿನ ಆರ್ಡರಿಗೆ ಬರೋಣ. ನಿಜ ಹೇಳ್ಬೇಕಂದ್ರೆ ಅದು ಆರ್ಡರ್ ಅಲ್ಲ. ನೀವು ಮಾಲು ಕಳಿಸಬೇಕು, ಅವರು ತಮ್ಮ ಅಂಗಡಿಯಲ್ಲಿ ತೂಗು ಹಾಕ್ತಾರೆ. ಮಾರಿದ್ರೆ ತಮ್ಮ ಕಮಿಷನ್ ಹಿಡ್ಕೊಂಡು ಉಳಿದಿದ್ದು ಕೊಡ್ತಾರೆ. ಮಾರದಿದ್ರೆ ವಾಪಸ್. ವ್ಯಾಪಾರದಲ್ಲಿ ಇದಕ್ಕೆ ಕನ್ಸೈನ್‌ಮೆಂಟ್ ಅಂತಾರೆ. ಅವರು ಕೇಳಿದ್ದ ಕಮಿಷನ್ ನೂರಕ್ಕೆ 40.

ಇದು ಮೋಸ ಅಲ್ಲ, ನೆನಪಿರಲಿ. ಅವರಿಗೂ ಬಾಡಿಗೆ, ಎಸಿ, ಸೇಲ್ಸ್ ಹುಡುಗಿಯರ ಸಂಬಳ ಇರುತ್ತೆ. ಆದ್ರೆ ಈ ಪದ್ಧತಿಯಲ್ಲಿ ಮಾಲು ಮಾರದೇ ಉಳಿಯೋ ಅಪಾಯ ಪೂರ್ತಿ ಡಿಸೈನರ್ ತಲೆ ಮೇಲೆ.

ಅಕ್ಕನಿಗೆ ಇದರ ಅನುಭವ ಇತ್ತು. ಹೋದ ವರ್ಷ ಬೇರೆ ಒಂದು ಅಂಗಡಿಗೆ ಇದೇ ಕರಾರಲ್ಲಿ 12 ಕುರ್ತಾ ಕಳಿಸಿದ್ಳು, ಪೀಸಿಗೆ 1,400 ಬೆಲೆ. ಒಟ್ಟಿಗೆ ಬಸ್ಸಿನ ಪಾರ್ಸೆಲ್‌ಗೆ ಹಾಕಿದ್ದಕ್ಕೆ ಸಾಗಾಟ ಪೀಸಿಗೆ 30. ಹಾಗಾಗಿ ಕೈಯಿಂದ ಹಾಕಿದ ದುಡ್ಡು ಪೀಸಿಗೆ 880. ಹನ್ನೆರಡಕ್ಕೆ 10,560. ಒಂದು ಪೀಸ್ ಮಾರಿದ್ರೆ ಕಮಿಷನ್ ಹೋಗಿ ಅವಳಿಗೆ ಬರೋದು 840. ಗಮನಿಸಿದ್ರಾ? 880 ಹಾಕಿ 840 ತಗೊಳ್ಳೋದು. ಮಾರಿದ್ರೂ 40 ರೂಪಾಯಿ ನಷ್ಟ.

ಐದು ತಿಂಗಳಲ್ಲಿ ಮಾರಿದ್ದು ಐದು. ಬಂದಿದ್ದು 4,200. ಉಳಿದ ಏಳು ವಾಪಸ್ ಬಂತು. ಅದರಲ್ಲಿ ಎರಡಕ್ಕೆ ಕತ್ತಿನ ಹತ್ರ ಮೇಕಪ್ ಕಲೆ, ಯಾರೋ ಟ್ರಯಲ್ ನೋಡಿದ್ದು. ಮಿಕ್ಕ ಐದನ್ನ ನೆಂಟರಿಗೆ 800ರಂತೆ ಕೊಟ್ಟಳು. ಎಲ್ಲಾ ಸೇರಿ 8,200. ಕೈಯಿಂದ ಹೋಗಿದ್ದು 2,360, ಜೊತೆಗೆ 60 ಗಂಟೆ ದುಡಿಮೆ ಬಿಟ್ಟಿ.

ಈಗ ಅದೇ ಕರಾರಿನಲ್ಲಿ ನಲವತ್ತು. ಸಾಮಾನಿಗೆ 35,200 ಬೇಕು. 200 ಗಂಟೆ ಕೆಲಸ. ಸಾಲ ತಂದು.

ಬೆಲೆಯನ್ನ ಹಿಂದಿನಿಂದ ಕಟ್ಟಬೇಕು

"ಹಾಗಾದ್ರೆ ಬೆಲೆ ಎಷ್ಟಿಡಬೇಕು?" ಅಂತ ಅಕ್ಕ ಕೇಳಿದ್ಳು. ಅಂಗಡಿಗೆ ಕೊಡೋ ಕುರ್ತಾದ ಅಸಲು 880, ಮೇಲೆ 100, ಮೇಲೆ 500. ಅಂದ್ರೆ 1,480. ಕಮಿಷನ್ 40 ಹೋದ ಮೇಲೆ ನಮಗೆ ಉಳಿಯೋದು ನೂರಕ್ಕೆ 60. ಆದ್ದರಿಂದ 1,480ನ್ನ 0.6ರಿಂದ ಭಾಗಿಸಬೇಕು. ಸುಮಾರು 2,470. ತುಂಬಾ ಜನ ಇಲ್ಲಿ 1,480ಕ್ಕೆ ನೂರಕ್ಕೆ 40 ಸೇರಿಸಿ 2,072 ಅಂತ ಬರೀತಾರೆ. ಅದು ತಪ್ಪು. ಕಮಿಷನ್ ಹಿಡಿಯೋದು ಮಾರೋ ಬೆಲೆ ಮೇಲೆ, ಅಸಲಿನ ಮೇಲಲ್ಲ.

ಇಲ್ಲಿ ಜಿಎಸ್‌ಟಿಯ ಒಂದು ಗೆರೆನೂ ಗೊತ್ತಿರಬೇಕು. 2025ರ ಸೆಪ್ಟೆಂಬರ್ 22ರಿಂದ, ಒಂದು ಪೀಸಿಗೆ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ತೆರಿಗೆ ಶೇ. 5. ಅದಕ್ಕಿಂತ ಮೇಲೆ ಹೋದ್ರೆ ಶೇ. 18. 2,470ಕ್ಕೆ ತೆರಿಗೆ 124 ರೂಪಾಯಿ ಆದ್ರೆ, 2,600ಕ್ಕೆ 468. ಅಂಗಡಿಯೋರು ಜಿಎಸ್‌ಟಿ ನೋಂದಣಿ ಇರೋರಾದ್ರೆ ಗಿರಾಕಿಗೆ ಈ ವ್ಯತ್ಯಾಸ ಬಿಲ್ಲಲ್ಲೇ ಕಾಣುತ್ತೆ. ಬೆಲೆಯನ್ನ 2,500ರ ಈಚೆ ನಿಲ್ಲಿಸೋದೋ, ಇಲ್ಲಾ ದಾಟಿದ್ರೆ ಚೆನ್ನಾಗಿ ದಾಟಿ ಆ ಬೆಲೆಗೆ ತಕ್ಕ ಬಟ್ಟೆ ಕೊಡೋದೋ ಅಂತ ಮೊದಲೇ ತೀರ್ಮಾನ ಮಾಡ್ಬೇಕು.

ಆಮೇಲೆ ದೊಡ್ಡ ಪ್ರಶ್ನೆ. 1,400ರ ಕುರ್ತಾನ 2,470ಕ್ಕೆ ಯಾರು ತಗೋತಾರೆ? ಬೇರೆ ಕಡೆ ಸಿಗದ ಏನೋ ಒಂದು ಅದರಲ್ಲಿ ಇದ್ರೆ ತಗೋತಾರೆ. ಅಕ್ಕನ ಕುರ್ತಾದಲ್ಲಿ ಇರೋದು ಆ ಅಂಚು.

ಅಂಚು ನೇಯೋರ ಪಾಲು

ಮೊಳಕಾಲ್ಮುರು ಸೀರೆಯಲ್ಲಿ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಇರುತ್ತಲ್ಲ, ಅದನ್ನ ಮೂರು ಲಾಳಿ ಹಾಕಿ ನೇಯ್ತಾರೆ: ಒಡಲಿಗೆ ಒಂದು, ಎರಡು ಅಂಚಿಗೆ ಎರಡು. ನಿಧಾನದ ಕೆಲಸ. ಹಾಸು ಒಂದ್ಸಲ ಮಗ್ಗಕ್ಕೆ ಏರಿಸಿದ್ರೆ ಅದರಲ್ಲಿ ಹಲವು ಸೀರೆ ನೇಯ್ತಾರೆ. ಮಧ್ಯದಲ್ಲಿ ಯಾರೋ ಡಿಸೈನರ್ ಬಂದು "ನನಗೆ ಐದು ಮೀಟರ್ ಮಾತ್ರ ಬೇಕು, ಬಣ್ಣ ಬೇರೆ" ಅಂದ್ರೆ ನೇಕಾರನ ದಿನಗಳು ಹಾಳು. ಆ ದಿನಗಳ ಕೂಲಿ ಯಾರು ಕೊಡ್ತಾರೆ?

ತಮ್ಮ ಕೂಲಿ ಲೆಕ್ಕ ಹಾಕದ ಡಿಸೈನರ್ ಕೊನೆಗೆ ಚೌಕಾಸಿ ಮಾಡೋದು ನೇಕಾರನ ಹತ್ರವೇ. ಯಾಕಂದ್ರೆ ಅಂಗಡಿಯೋನು ಬಗ್ಗಲ್ಲ, ಕೊರಿಯರ್‌ನೋನು ಬಗ್ಗಲ್ಲ. ಬಗ್ಗೋದು ಅವರೊಬ್ಬರೇ. ಅಕ್ಕನೂ ಹಿಂದೆ 300ರ ಅಂಚನ್ನ 250ಕ್ಕೆ ಕೇಳಿದ್ದುಂಟು. ಅವಳೇ ಹೇಳಿದ್ದು, ಹೇಳುವಾಗ ದನಿ ಸಣ್ಣಗಾಯ್ತು.

ಇದಕ್ಕೆ ಬೇರೆ ದಾರಿ ಇದೆ ಅಂತ ತೋರಿಸಿದೋರು ನಮ್ಮ ರಾಜ್ಯದಲ್ಲೇ ಇದಾರೆ. ಬೆಂಗಳೂರಿನ 'ವಿಮೋರ್'. 1974ರಲ್ಲಿ ಚಿಮಿ ನಂಜಪ್ಪ ಮತ್ತೆ ಅವರ ಮಗಳು ಪವಿತ್ರಾ ಮುದ್ದಯ್ಯ ಮನೆಯಿಂದಲೇ ಶುರು ಮಾಡಿದ್ದು. ಹಳೇ ಕಾಲದ ಸೀರೆಗಳ ವಿನ್ಯಾಸ ತಗೊಂಡು, ನೇಕಾರರ ಜೊತೆ ಕೂತು ಮತ್ತೆ ನೇಯಿಸಿದ್ರು. ಪವಿತ್ರಾ ಅವರು ವಿನ್ಯಾಸವನ್ನ ತಮ್ಮದೇ ಅಂತ ಬೀಗ ಹಾಕಿ ಇಟ್ಕೊಳ್ಳದೆ ನೇಕಾರರ ಜೊತೆ ಹಂಚ್ಕೊಂಡೋರು. ಅವರಿಗೆ ನಾರಿ ಶಕ್ತಿ ಪುರಸ್ಕಾರನೂ ಬಂತು. ಅವರ ದಾರಿಯಿಂದ ನನಗೆ ತಿಳಿದಿದ್ದು ಇಷ್ಟು: ನೇಕಾರ ಉಳಿದ್ರೆ ಮುಂದಿನ ವರ್ಷವೂ ನಿಮಗೆ ಅಂಚು ಸಿಗುತ್ತೆ. ಆದ್ದರಿಂದ ಅಂಚಿನ 300 ಅಸಲಿನ ಪಟ್ಟಿಯಲ್ಲಿ ಮುಟ್ಟಬಾರದ ಸಾಲು.

ಹಾಗೇ ಇನ್ನೊಂದು ಎಚ್ಚರಿಕೆ. ಜಿಐ ಇರೋದು ಮೊಳಕಾಲ್ಮುರು ರೇಷ್ಮೆ ಸೀರೆಗೆ. ಆ ಗುರುತನ್ನ ಬಳಸೋಕೆ ಅಧಿಕೃತ ಬಳಕೆದಾರ ಅಂತ ನೋಂದಣಿ ಆಗಿರ್ಬೇಕು. ನಿಮ್ಮ ಕುರ್ತಾ ಲೇಬಲ್ ಮೇಲೆ ಜಿಐ ಚಿಹ್ನೆ ಸುಮ್ಮನೆ ಛಾಪಿಸೋ ಹಾಗಿಲ್ಲ. ಅಂಚನ್ನ ಎಲ್ಲಿ ನೇಯ್ದಿದ್ದು ಅಂತ ನಿಜ ಬರೀರಿ, ಅಷ್ಟು ಸಾಕು.

ಕಾಪಿ ಹೊಡೆದ್ರೆ?

ಇದು ನೀವು ಅತಿ ಹೆಚ್ಚು ಕೇಳೋ ಪ್ರಶ್ನೆ. ಫೋಟೋ ಹಾಕಿದ ವಾರದೊಳಗೆ ಅದೇ ಡಿಸೈನ್ ಅರ್ಧ ಬೆಲೆಗೆ ಎಲ್ಲೋ ಮಾರಾಟಕ್ಕೆ ಬರುತ್ತೆ.

ಕಾನೂನು ಏನು ಹೇಳುತ್ತೆ ಕೇಳಿ. 2000ದ ವಿನ್ಯಾಸ ಕಾಯ್ದೆಯಲ್ಲಿ ನೋಂದಣಿ ಮಾಡಿಸಿದ್ರೆ 10 ವರ್ಷ ರಕ್ಷಣೆ, ಆಮೇಲೆ ಇನ್ನೂ 5 ವರ್ಷ ವಿಸ್ತರಿಸಬಹುದು. ಆದ್ರೆ ವಿನ್ಯಾಸ ಹೊಸದಾಗಿರ್ಬೇಕು, ಅರ್ಜಿ ಹಾಕೋ ಮುಂಚೆ ಎಲ್ಲೂ ಬಹಿರಂಗ ಆಗಿರಬಾರದು. ಅಂದ್ರೆ ಇನ್‌ಸ್ಟಾಗ್ರಾಮಲ್ಲಿ ಹಾಕಿ, ಲೈಕ್ ನೋಡಿ, ಆಮೇಲೆ ನೋಂದಣಿ ಮಾಡ್ಸೋಣ ಅಂದ್ರೆ ತಡ ಆಯ್ತು.

"ಕಾಪಿರೈಟ್ ತಾನಾಗೇ ಬರುತ್ತಲ್ವಾ?" ಬರುತ್ತೆ. ಆದ್ರೆ 1957ರ ಕೃತಿಸ್ವಾಮ್ಯ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ನೋಂದಣಿ ಮಾಡಿಸಬಹುದಾದ ವಿನ್ಯಾಸವನ್ನ ಮಾಡಿಸದೇ, ಆ ವಸ್ತುವನ್ನ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದ್ರೆ ಆ ಹಕ್ಕು ಹೋಗುತ್ತೆ. 2016ರಲ್ಲಿ ರಿತಿಕಾ ಮತ್ತು ಬಿಬಾ ಕಂಪನಿಗಳ ನಡುವಿನ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ ಇದನ್ನೇ ಎತ್ತಿ ಹಿಡೀತು. ರಿತಿಕಾ ಅಂದ್ರೆ ಹೆಸರಾಂತ ಡಿಸೈನರ್ ರಿತು ಕುಮಾರ್ ಅವರ ಕಂಪನಿ. ಅಷ್ಟು ದೊಡ್ಡೋರಿಗೇ ಹೀಗಾದ್ರೆ ನಮ್ಮ ಕಥೆ ಯೋಚಿಸಿ.

ಹಾಗಾಗಿ ಎಲ್ಲದಕ್ಕೂ ನೋಂದಣಿ ಬೇಡ. ವರ್ಷಗಟ್ಟಲೆ ಮಾರೋ ಒಂದೋ ಎರಡೋ ವಿನ್ಯಾಸ ಇದ್ರೆ, ಫೋಟೋ ಹಾಕೋ ಮುಂಚೆ ಅವಕ್ಕೆ ಮಾಡ್ಸಿ. ಉಳಿದಿದ್ದಕ್ಕೆ ನಿಮ್ಮ ರಕ್ಷಣೆ ಅಳತೆ. ಗಿರಾಕಿಯ ಭುಜ, ತೋಳು, ಎತ್ತರ ನಿಮ್ಮ ಪುಸ್ತಕದಲ್ಲಿದೆ. ಕಾಪಿ ಮಾಡೋನ ಹತ್ರ ಅದಿಲ್ಲ.

ತಿಂಗಳ ಲೆಕ್ಕ

ಅಕ್ಕನ ತಿಂಗಳ ಖರ್ಚು: ಅಂಗಡಿ ಬಾಡಿಗೆ 2,500, ಕರೆಂಟ್ 500, ಮೆಷಿನ್ ಸಾಲದ ಕಂತು 1,500, ಮನೆಗೆ 10,000. ಒಟ್ಟು 14,500. ಒಂದು ಬ್ಲೌಸಿಂದ ಉಳಿಯೋದು 260. ಭಾಗಿಸಿದ್ರೆ 56 ಬ್ಲೌಸ್. ಇದೇ ನಮ್ಮ ಬಿಕಾಂ ಪುಸ್ತಕದಲ್ಲಿ ಬರೋ ಬ್ರೇಕ್ ಈವನ್. 56 ಬ್ಲೌಸಿಗೆ 140 ಗಂಟೆ. ದಿನಕ್ಕೆ 8 ಗಂಟೆ, 26 ದಿನ ಅಂದ್ರೆ 208 ಗಂಟೆ. ಉಳಿಯೋದು 68 ಗಂಟೆ. ಅಷ್ಟರಲ್ಲಿ ಆಗೋದು 13 ಕುರ್ತಾ.

ತಿಂಗಳಿಗೆ ಹದಿಮೂರು. ಅವಳ ಲೇಬಲ್‌ನ ನಿಜವಾದ ಶಕ್ತಿ ಅಷ್ಟು. ನಲವತ್ತು ಪೀಸ್ ಅಂದ್ರೆ ಮೂರು ತಿಂಗಳು, ಇಲ್ಲಾ ಬ್ಲೌಸ್ ಗಿರಾಕಿಗಳನ್ನ ಕಳ್ಕೊಳ್ಳೋದು. ಊರಲ್ಲಿ ಒಂದ್ಸಲ "ಅವಳು ಟೈಮಿಗೆ ಕೊಡಲ್ಲ" ಅಂತ ಮಾತು ಬಂದ್ರೆ ಮುಗೀತು.

ತಿಂಗಳೂ ಒಂದೇ ಥರ ಇರಲ್ಲ. ನಾಯಕನಹಟ್ಟಿ ಜಾತ್ರೆ, ಯುಗಾದಿ, ಅದರ ಹಿಂದೆ ಮದುವೆಗಳು ಅಂತ ಕೈಗೆ ಪುರುಸೊತ್ತೇ ಇರಲ್ಲ. ಆಷಾಢ ಬಂತೋ, ಮದುವೆ ಇಲ್ಲ, ಮೆಷಿನ್ ಮೇಲೆ ಧೂಳು. ಕುರ್ತಾ ಮಾಡೋ ತಿಂಗಳು ಅದು. ಹೊಸ ಡಿಸೈನ್‌ಗೆ ಪ್ರತ್ಯೇಕ ರಜೆ ಬೇಡ, ಆಷಾಢವೇ ಸಾಕು.

ಬೇರೆ ಆಯ್ಕೆಯನ್ನೂ ಹೇಳ್ಬೇಕು. ದೊಡ್ಡಪ್ಪ ಯಾವಾಗ್ಲೂ ಹೇಳೋದು, "ಬೆಂಗಳೂರಲ್ಲಿ ಗಾರ್ಮೆಂಟ್ಸ್‌ಗೆ ಹೋಗು, ತಿಂಗಳ ಸಂಬಳ, ಪಿಎಫ್, ಇಎಸ್‌ಐ ಇರುತ್ತೆ." ದೊಡ್ಡಪ್ಪನ ಮಾತು ದಡ್ಡತನದ್ದಲ್ಲ. ಸ್ವಂತ ಲೇಬಲ್ ಮಾಡೋರಿಗೆ ಕಾಯಿಲೆ ಬಿದ್ದ ದಿನದ ಸಂಬಳ ಯಾರೂ ಕೊಡಲ್ಲ. ನಿಮ್ಮ ಗಂಟೆಯ ಬೆಲೆ ಇಡುವಾಗ ಅದೂ ಸೇರಿರ್ಬೇಕು.

ಕೈಗೆ ಸಿಗೋ ಸಹಾಯ

ಮೂರು ವಿಷಯ ಗುರುತು ಮಾಡ್ಕೊಳ್ಳಿ.

ಒಂದು, ಉದ್ಯಮ್ ನೋಂದಣಿ. ಆನ್‌ಲೈನಲ್ಲಿ ಪೂರ್ತಿ ಉಚಿತ. ಯಾರಾದ್ರೂ ದುಡ್ಡು ಕೇಳಿದ್ರೆ ಆ ವೆಬ್‌ಸೈಟ್ ಸರ್ಕಾರದ್ದಲ್ಲ. ನೋಂದಣಿ ಇರೋ ಕಿರು ಉದ್ಯಮದಿಂದ ಮಾಲು ಕೊಂಡೋರು, 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ಕರಾರು ಬರೆದಿದ್ರೂ 45 ದಿನ ಮೀರದ ಹಾಗೆ ದುಡ್ಡು ಕೊಡಬೇಕು. ಆದ್ರೆ ಇದು ಮಾಲು 'ಕೊಂಡ'ಮೇಲೆ. ಮಾರಿದ ಮೇಲೆ ದುಡ್ಡು ಅನ್ನೋ ಕರಾರಿನಲ್ಲಿ ಅವರು ಇನ್ನೂ ಕೊಂಡೇ ಇಲ್ಲ, ದಿನ ಎಣಿಸೋದು ಎಲ್ಲಿಂದ?

ಎರಡು, ಪಿಎಂ ವಿಶ್ವಕರ್ಮ ಯೋಜನೆ. 2023ರ ಸೆಪ್ಟೆಂಬರ್ 17ರಂದು ಶುರುವಾಯ್ತು. 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ತರಬೇತಿ ಇರುವಾಗ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000ದವರೆಗೆ, ಶೇ. 5 ಬಡ್ಡಿಯಲ್ಲಿ ಮೊದಲು 1 ಲಕ್ಷದವರೆಗೆ, ಅದು ತೀರಿದ ಮೇಲೆ 2 ಲಕ್ಷದವರೆಗೆ ಸಾಲ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ.

ಮೂರು, ಸಾಲ ಎಲ್ಲಿಂದ ತಂದ್ರೂ ಮೆಷಿನ್‌ಗೆ ತನ್ನಿ. ಓವರ್‌ಲಾಕ್ ಮೆಷಿನ್ ದಿನಾ ದುಡಿಯುತ್ತೆ. ಇನ್ನೊಬ್ಬರ ಅಂಗಡಿಯಲ್ಲಿ ತೂಗಾಡೋ ಕುರ್ತಾ ಮಾರೋವರೆಗೂ ಒಂದು ರೂಪಾಯಿ ದುಡಿಯಲ್ಲ, ಬಡ್ಡಿ ಮಾತ್ರ ಓಡ್ತಿರುತ್ತೆ.

ಅಕ್ಕ ಏನ್ ಮಾಡಿದ್ಳು?

ಲೆಕ್ಕ ಮುಗಿದಾಗ ರಾತ್ರಿ ಹನ್ನೊಂದಾಗಿತ್ತು. ಅಕ್ಕ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ, "ಇಷ್ಟು ದಿನ ನಾನೇ ದುಡ್ಡು ಕೊಟ್ಟು ಕೆಲಸ ಮಾಡಿದೀನಿ ಅನ್ನು" ಅಂದ್ಳು.

ಸಂಘದ ಸಾಲ ತಗೊಳ್ಲಿಲ್ಲ. ಮಾರನೇ ದಿನ ಬೆಂಗಳೂರಿಗೆ ಫೋನ್ ಮಾಡಿದ್ಳು. "ನಲವತ್ತು ಆಗಲ್ಲ ಮೇಡಂ. ಹತ್ತು ಕೊಡ್ತೀನಿ. ನೀವು ಕೊಂಡ್ಕೊಳ್ಳಿ, ಪೀಸಿಗೆ 1,500. ಅರ್ಧ ಮುಂಗಡ, ಅರ್ಧ ಮಾಲು ತಲುಪಿದ ಮೇಲೆ. ಅಂಚಿನ ಬಣ್ಣ ನೀವೇ ಆರಿಸಿ."

ಆ ಕಡೆಯವರು ನಾಲ್ಕು ದಿನ ಏನೂ ಹೇಳ್ಲಿಲ್ಲ. ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದ್ರು, ಬಂದ ಆರ್ಡರ್ ಹಾಳು ಮಾಡಿದೋನು ಅಂತ. ಐದನೇ ದಿನ ಮೆಸೇಜ್ ಬಂತು: ಹತ್ತು ಬೇಡ, ಆರು ಕಳಿಸಿ. 4,500 ಮುಂಗಡ ಖಾತೆಗೆ ಬಿತ್ತು.

ಆರೇ ಆರು ಕುರ್ತಾ. 9,000 ರೂಪಾಯಿ ವ್ಯಾಪಾರ. ಇದರಲ್ಲಿ ಯಾರೂ ಶ್ರೀಮಂತರಾಗಲ್ಲ. ಆದ್ರೆ ಈ ಆರರಲ್ಲಿ ಅಂಚು ನೇಯ್ದೋರಿಗೆ ಪೂರ್ತಿ 300 ಹೋಗಿದೆ, ಅಕ್ಕನಿಗೆ ಗಂಟೆಗೆ 100 ಬಂದಿದೆ. ನೇರ ಮಾರೋ ಕುರ್ತಾದ ಬೆಲೆಯನ್ನ 1,400ರಿಂದ 1,750ಕ್ಕೆ ಏರಿಸಿದ್ಳು. ಹಳೇ ಗಿರಾಕಿಗಳಲ್ಲಿ ಕೆಲವರು ಬಿಟ್ಟು ಹೋದ್ರು, ಕೆಲವರು ಉಳಿದ್ರು.

ಹಾಗಾಗಿ ಕೇಳಿದೋರಿಗೆ ನನ್ನ ಉತ್ತರ: ಬದುಕಬಹುದು. ಆದ್ರೆ ಮೊದಲ ಕೆಲವು ವರ್ಷ ನಿಮ್ಮ ಹೊಟ್ಟೆ ತುಂಬೋದು ಬ್ಲೌಸು, ಫಾಲು, ಆಲ್ಟರೇಷನ್‌ನಿಂದ. ಅದನ್ನ ಕೀಳಾಗಿ ನೋಡ್ಬೇಡಿ. ಎರಡನೇದು ಅಳತೆ ಕೊಟ್ಟು, ಮುಂಗಡ ಕೊಟ್ಟು ಮಾಡಿಸೋ ಆರ್ಡರ್. ಮಾಡಿಟ್ಟು ಮಾರೋ ಸ್ಟಾಕ್ ಕೊನೇದು, ಅದೂ ಕಳ್ಕೊಂಡ್ರೂ ತಡ್ಕೊಳ್ಳೋ ಅಷ್ಟು ಮಾತ್ರ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ನೀವು ಕೊನೆಗೆ ಮಾರಿದ ಒಂದು ಬಟ್ಟೆ ತಗೊಂಡು, ಅದಕ್ಕೆ ಹಿಡಿದ ಗಂಟೆಗಳನ್ನ ಬರೆದು, ಉಳಿದ ದುಡ್ಡನ್ನ ಭಾಗಿಸಿ. ಬಂದ ಅಂಕಿಯನ್ನ ನನಗೆ ವಾಯ್ಸ್ ಮೆಸೇಜ್ ಮಾಡಿ. ನಿಮ್ಮ ಹೆಸರು ಹೇಳದೆ ಮುಂದಿನ ಕಂತಲ್ಲಿ ಮಾತಾಡೋಣ.